ಅಕ್ಕಮ್ಮನ ದೊಣೆಗೆ ಹೋದ ಹನುಮಿ

ಕೊಡಿಗೇನಹಳ್ಳಿ ಹತ್ತಿರದ ಹಟ್ಟಿ,
೧೮-೪-೧೯೭೯

ಗೆಳತಿ ಜಗದಾಂಬಳಿಗೆ,

ನಿನ್ನ ನಾಗಕ್ಕ ನೆನೆದು ಬರೆಯುವುದು. ನಿನ್ನ ಎರಡು ಕಾಗದಗಳು ಬಂದು ಬಹಳ ದಿನವಾಯಿತು. ಉತ್ತರ ಬರೆಯದ್ದಕ್ಕೆ ಕ್ಷಮಿಸು, ಇಲ್ಲವೇ ಎಂದಿನಂತೆ ‘ಸೊಕ್ಕಿನವಳು’ ಎಂದು ಬೈದುಕೋ. ಎಷ್ಟೋ ಸಲ ಬರೆಯಲು ಕೂತೆ. ‘ಇಲ್ಲಿ ನಾವೆಲ್ಲ ಕ್ಷೇಮ’ ಎನ್ನುವ ಮಾತಿಗೆ ಬಂದ ಕೂಡಲೇ ಕೈ ನಿಂತುಹೋಗುತ್ತಿತ್ತು. ಇವತ್ತು ಆ ಮಾತನ್ನು ಬಿಟ್ಟೇ ಬರೆಯುತ್ತಿದ್ದೇನೆ. ಇನ್‌ಲ್ಯಾಂಡಿನಲ್ಲಿ ಹಿಡಿಸುವುದಿಲ್ಲವೆಂದು ಲೆಕ್ಕದ ಪುಸ್ತಕದ ಹಾಳೆ ಹರಿದಿದ್ದೇನೆ. ನನಗೂ ಲೆಕ್ಕಕ್ಕೂ ಇರುವ ಸ್ನೇಹ ನಿನಗೆ ಗೊತ್ತೇ ಇದೆ.

ಕೊಳಾಲದ ಮನೆ ಹೇಗಿದೆ? ಮೇಷ್ಟ್ರಿಗೆ ಅಲ್ಲಿನ ಸ್ಕೂಲು ಒಗ್ಗಿತೇ? ವರ್ಗವಾಗಿ ಹೋಗುವಾಗ ನಿನ್ನಪ್ಪ ನಮ್ಮ ಹಟ್ಟಿಗೆ ಬಂದು, ‘ಹುಡುಗೀರನ್ನ ಓದು ಬಿಡಿಸಬೇಡಿ’ ಎಂದು ಹೇಳಿ ಹೋದರಲ್ಲ, ನಮ್ಮಪ್ಪ ಅವರೆದುರಿಗೆ ಹೂಂ ಎಂದವನು ಮಾರನೆಯ ದಿನವೇ ಹನುಮಿಯನ್ನು ಕುರಿ ಹಿಂದೆ ಅಟ್ಟಿದ. ನಮ್ಮಪ್ಪ ಮುದ್ದಪ್ಪನ ಹೂಂ ಅಂದರೆ ಅಷ್ಟೇ.

ನನ್ನ ತಂಗಿ ಹನುಮಿ ಯಾಕೆ ಕಾಗದ ಬರೆದಿಲ್ಲ, ಕಳಿಸಿದ ಕೆಂಪು ಟೇಪು ಸಿಕ್ಕಿತೇ ಎಂದು ಕೇಳಿದ್ದೀಯ. ಸಿಕ್ಕಿತು. ಕೊಡಿಗೇನಹಳ್ಳಿಯ ಜನ ಅವಳು ಹಿಂದೂಪುರದ ಬಸ್ಸು ಹತ್ತಿ ಯಾರ ಜೊತೆಗೋ ಓಡಿಹೋದಳು ಎನ್ನುತ್ತಾರೆ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಯಾರಾದರೂ ನಿನ್ನ ಕಿವಿಗೂ ಹಾಕುತ್ತಾರೆ. ಅದಕ್ಕೆ ಮೊದಲು ನನ್ನಿಂದಲೇ ಕೇಳು.

ಶಿವರಾತ್ರಿ ಕಳೆದ ವಾರ ಹನುಮಿ ಮೈನೆರೆದಳು. ನಮ್ಮ ಪದ್ಧತಿ ನೀನು ನೋಡಿದವಳೇ. ಸೋದರಮಾವ ಬಂದು ಹಟ್ಟಿಯ ಬೇಲಿಯಾಚೆ ಹೊಂಗೆ ಮರದ ಕೆಳಗೆ ಸೊಪ್ಪಿನ ಗುಡಿಸಲು ಹಾಕಿದ. ಮಿಂದು ಒಳಗೆ ಬರುವ ದಿನದವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ಊಟ ದೂರದಲ್ಲಿಟ್ಟು ಹಿಂದೆ ಸರಿಯಬೇಕು. ಹಟ್ಟಿಯ ನಡುವೆ ದೇವರಿದ್ದಾನೆ, ಅವನಿಗೆ ಮೈಲಿಗೆ ತಾಗಬಾರದು. ಹನುಮಿಯೋ, ರಾತ್ರಿ ಅವ್ವನ ಸೆರಗು ಹಿಡಿದೇ ಮಲಗುತ್ತಿದ್ದ ಹುಡುಗಿ.

ಆ ಗುಡಿಸಲಿನ ಹಿಂದಿನ ಬಂಡೆ ಹತ್ತಿದರೆ ಅಕ್ಕಮ್ಮನ ದೊಣೆ. ಕಲ್ಲಿನ ಕುಳಿಯಲ್ಲಿ ಎಂಥ ಬೇಸಿಗೆಯಲ್ಲೂ ಬತ್ತದ ನೀರು. ಏಳು ಜನ ಅಕ್ಕಮ್ಮಗಳು ಅಲ್ಲಿ ಮೀಯುತ್ತಾರೆ, ಮದುವೆಯಾಗದ ಹುಡುಗ ಹುಡುಗಿಯರು ಒಂಟಿಯಾಗಿ ಸಿಕ್ಕರೆ ಕರೆದುಕೊಳ್ಳುತ್ತಾರೆ ಎಂದು ನಮ್ಮ ಕರಿಯಕ್ಕಜ್ಜಿ ಹೇಳಿದಾಗ ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆವಲ್ಲ!

ಒಂದು ಮಧ್ಯಾಹ್ನ ಮುದ್ದೆ ತೆಗೆದುಕೊಂಡು ಹೋದೆ. ಹನುಮಿಯ ಕೂದಲಿಗೆ ಎಣ್ಣೆ ಬಿದ್ದಿತ್ತು. ಜಡೆ ಹೆಣೆದಿತ್ತು. ನಮ್ಮಂತೆ ಮೂರು ಕಾಲಿನ ಜಡೆಯಲ್ಲ, ಏಳು ಎಳೆಯದು, ತುದಿಯಲ್ಲಿ ನಿನ್ನ ಟೇಪು. ಒಬ್ಬಳೇ ಕೂತು ತನ್ನ ಬೆನ್ನ ಹಿಂದೆ ಅಂಥದ್ದು ಹೆಣೆದುಕೊಳ್ಳಲು ಯಾರಿಂದಲೂ ಆಗದು.

“ಯಾರೇ ಮುಟ್ಟಿದ್ದು ನಿನ್ನ?” ಎಂದೆ.

“ಅವ್ರು ಕಣಕ್ಕ, ದೊಣೆಯೋರು. ನಮ್ಮ ವಯಸ್ನೋರೇಯ. ಒಬ್ಳು ಬರೀ ತೆಲುಗು ಮಾತಾಡ್ತಾಳೆ, ಯೋನು ಆಡಿದ್ರೂ ನಗಾಡ್ತಾಳೆ. ತಲೆ ತೊಡೆ ಮ್ಯಾಲೆ ಆಕ್ಕೊಂಡು ಸಿಕ್ಕು ಬುಡ್ಸಿದ್ರು.”

ನನಗೆ ಭಯಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು. ಹನುಮಿಯ ತಲೆ ಬಾಚುವವಳು ನಾನು.

ಮಾರನೆಯ ದಿನ ಗುಡಿಸಲು ಬರಿದಾಗಿತ್ತು. ಬಂಡೆ ಹತ್ತಿ ಓಡಿದೆ. ಉರಿಬಿಸಿಲು, ಕಾಲಿಟ್ಟರೆ ಬೊಬ್ಬೆ ಬರುವಂಥ ಕಲ್ಲು. ಆ ಕಲ್ಲಿನ ಮೇಲೆ ಅವರು ತಲೆಕೂದಲು ಒಣಗಿಸುತ್ತ ಕೂತಿದ್ದರು, ಜಗದಾ. ನಾನು ಕಂಡೆ. ದೊಣೆಯ ಆಚೆ ದಡದಲ್ಲಿ. ನಮ್ಮೂರ ಹೆಂಗಸರು ತಲೆತಲಾಂತರದಿಂದ ದೊಣೆಗೆ ಬಿಟ್ಟ ಗಾಜಿನ ಬಳೆಗಳೆಲ್ಲ ಅವರ ಕೈಗಳಲ್ಲಿದ್ದವು, ಮೊಣಕೈವರೆಗೂ. ಅಷ್ಟು ಬಳೆ ತೊಟ್ಟ ಕೈಗಳು ಆಡುತ್ತಿದ್ದರೂ ಒಂದಿಷ್ಟೂ ಸದ್ದಿಲ್ಲ. ನಡುವೆ ನಮ್ಮ ಹನುಮಿ. ಒಬ್ಬಳು ಅವಳ ಕೈ ಹಿಡಿದಿದ್ದಳು, ಇನ್ನೊಬ್ಬಳು ಅವಳ ಹೆಗಲಿಗೆ ಗಲ್ಲ ಊರಿದ್ದಳು. ನಾನು “ಹನುಮೀ” ಎಂದು ಕೂಗಿದ್ದೇ ತಡ, ಎಲ್ಲರೂ ನೀರಿಗಿಳಿದರು. ನೀರು ಕದಡಲೂ ಇಲ್ಲ.

ಅಪ್ಪ, ಹಟ್ಟಿಯ ಗಂಡಸರು ಹಗ್ಗ ಕಟ್ಟಿಕೊಂಡು ಇಳಿದು ಹುಡುಕಿದರು. ಸಿಕ್ಕಿದ್ದು ಕೆಸರು. ಹೆಣವಿಲ್ಲ ಎಂದು ಅವ್ವ ಕೈಮುಗಿದಳು. ಆಗ ಕರಿಯಕ್ಕಜ್ಜಿ ಅಪ್ಪನನ್ನು ಕೂರಿಸಿಕೊಂಡು ಹೇಳಿದಳು: “ಕೇಳ್ಲಾ ಮುದ್ದ. ಅಕ್ಕಮ್ಮಗೋಳು ಕಳ್ಳೀರಲ್ಲ. ಒಂದ್ಸಲ ವಾಪಸ್ ಕಳುಸ್ತಾರೆ. ಹಟ್ಟಿ ಬಾಗ್ಲಾಗೆ ಬಂದು ನಿಂತಾಗ ನಮ್ಮೋರು ಯಾರಾನ ಕೈ ಇಡ್ಕಂಡ್ರೆ ನಮ್ಮೋಳು. ಇಡೀದಿದ್ರೆ ಅವ್ರೋಳು. ಎಲ್ಡನೇ ಸಲ ಅನ್ನೋದಿಲ್ಲ.”

ಅವಳು ಬಂದಳು. ಮೀಯುವ ದಿನಕ್ಕೆ ಇನ್ನೆರಡು ದಿನ ಇರುವಾಗ, ನಡುಹಗಲಲ್ಲಿ ಬಂಡೆ ಇಳಿದು ಬಂದು ಮುಳ್ಳುಬೇಲಿಯ ಬಾಗಿಲಲ್ಲಿ ನಿಂತಳು. ಲಂಗ ಒದ್ದೆಯಾಗಿತ್ತು. ಎರಡೂ ಕೈ ತುಂಬ ಬಳೆ. ಹಟ್ಟಿಯೆಲ್ಲ ಸೇರಿತು. ಅವಳು ಅವ್ವನ ಕಡೆ ಕೈ ಚಾಚಿದಳು. ಬಳೆ ಸದ್ದು ಮಾಡಲಿಲ್ಲ.

“ಅವ್ವಾ, ಕೈ ಇಡ್ಕೊ” ಎಂದಳು.

ಅವ್ವ ಎರಡು ಹೆಜ್ಜೆ ಹೋದಳು. ಪೂಜಾರಿ ಕ್ಯಾತಣ್ಣ ಅಡ್ಡ ಬಂದ. “ದಿನ ತುಂಬಿಲ್ಲ ಕಣಮ್ಮ. ಮುಟ್ಟಿ ಒಳೀಕೆ ಕರ್ಕಂಡ್ರೆ ದ್ಯಾವ್ರು ಸುಮ್ಕಿದ್ದಾನಾ? ಮಾರಣ್ಣನ ಸೊಸೆ ಮಾಡಿದ್ದು ಮರ್ತ್ರಾ?” ಎಂದ. ಮಾರಣ್ಣನ ಸೊಸೆ ಬಾಣಂತಿ, ಹೋದ ವರ್ಷ ಇಂಥದೇ ಗುಡಿಸಲಿನಲ್ಲಿ ಹೊರಗಿದ್ದವಳು ಮಳೆಗೆ ಹೆದರಿ ದಿನ ತುಂಬುವ ಮೊದಲೇ ಮಗು ಎತ್ತಿಕೊಂಡು ಒಳಗೆ ಬಂದಳು. ಆಮೇಲೆ ಕುರಿಗಳು ಸಾಲಾಗಿ ಸತ್ತವು. ಅದು ರೋಗ ಎಂದು ನಿನ್ನಪ್ಪ ಬಾಯಿ ಬಡಿದುಕೊಂಡರು. ಯಾರು ಕೇಳಿದರು?

“ಇನ್ನೆಲ್ಡು ದಿನ ತಾನೆ. ಗುಡ್ಲಾಗೆ ಇರ್ಲಿ, ಕಾವ್ಲು ಆಕಾನ. ಮಿಂದ ಮ್ಯಾಲೆ ಕೈಯೇನು, ಎತ್ಕಂಡೇ ಬಾ” ಎಂದ ಕ್ಯಾತಣ್ಣ. ಅವನೇನು ಕೆಟ್ಟವನಲ್ಲ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು. ಅದೇ ನನಗೆ ಇನ್ನೂ ಉರಿಯುತ್ತದೆ.

“ಅಕ್ಕಮ್ಮಗೋಳಿಗೆ ನಿನ್ನ ಲೆಕ್ಕ ಗೊತ್ತೇನ್ಲಾ ಮುಂಡೇದೆ! ಮುಟ್ರೋ ಮಗೀನ!” ಎಂದು ಅಜ್ಜಿ ಜಗಲಿಯಿಂದಲೇ ಕಿರುಚಿದಳು. ಅವಳ ಕಾಲು ಬಿದ್ದುಹೋಗಿ ಮೂರು ವರ್ಷವಾಯಿತು.

ಅವ್ವ ಏನು ಮಾಡಿದಳು ಗೊತ್ತೇ? ಒಳಗೆ ಓಡಿ ಬಿಸಿ ಅನ್ನಕ್ಕೆ ತುಪ್ಪ ಸುರಿದುಕೊಂಡು ಬಂದಳು. ತಟ್ಟೆಯನ್ನು ಹನುಮಿಗೆ ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದಳು. “ಉಣ್ಣು ನನ್ನ ಬಂಗಾರ. ಎಲ್ಡೇ ದಿನ ತಡ್ಕೊ” ಎಂದು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹನುಮಿ ಆ ತಟ್ಟೆಯನ್ನೇ ನೋಡುತ್ತ ಕೈ ಇಳಿಸಿದಳು.

ನನಗೆ ತಡೆಯಲಾಗಲಿಲ್ಲ. ಅಪ್ಪ ಅಡ್ಡ ಹಿಡಿದಿದ್ದ ಕೋಲಿನ ಕೆಳಗೆ ನುಸುಳಿ ಓಡಿದೆ. ಅಪ್ಪ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದ. ನಾನು ಬಿದ್ದೆ. ಎದ್ದು ನೋಡುವಷ್ಟರಲ್ಲಿ ಅವಳು ಬಂಡೆ ಹತ್ತುತ್ತಿದ್ದಳು, ತಿರುಗಿ ನೋಡದೆ. ಬಾಗಿಲಲ್ಲಿ ಅವಳ ಕೈಯನ್ನು ಯಾರೂ ಹಿಡಿಯಲಿಲ್ಲ.

ಆ ಎರಡು ದಿನವೂ ಗಂಡಸರು ಗುಡಿಸಲ ಸುತ್ತ ಕಾವಲು ಕೂತಿದ್ದರು. ಯಾರನ್ನು ಕಾಯುತ್ತಿದ್ದರೋ! ಮೀಯುವ ದಿನ ಅವ್ವ ನೀರು ಕಾಯಿಸಿದಳು, ಅರಿಶಿನ ಅರೆದಳು, ಹೊಸ ಲಂಗ ತೆಗೆದಿಟ್ಟಳು. ಸಂಜೆ ಅದೇ ನೀರನ್ನು ಹೊಂಗೆಯ ಬುಡಕ್ಕೆ ಸುರಿದಳು.

ಈಗ ಅವ್ವ ದಿನಾ ನಡುಹಗಲು ಬೇಲಿಯ ಬಾಗಿಲಲ್ಲಿ ಕೈ ಚಾಚಿ ಕೂತಿರುತ್ತಾಳೆ. ಎರಡನೆಯ ಸಲವೂ ಕಳಿಸಬಹುದು ಎಂದು ಅವಳ ನಂಬಿಕೆ. ‘ಯಾರಾನ ಮುಟ್ಟಿದ್ರೆ ನನ್ನ ಮಗಿ ನಿಂತ್ಕತಿತ್ತು’ ಎನ್ನುವುದೊಂದೇ ಮಾತು. ಅಪ್ಪ ಕೋಲು ಮುರಿದು ಒಲೆಗೆ ಹಾಕಿದ. ಸರಿಯಾಗಿ ಉಣ್ಣುವುದಿಲ್ಲ, ನನ್ನ ಮುಖ ನೋಡುವುದಿಲ್ಲ. ಕುರಿಗಳು ಮಾತ್ರ ದೇವರ ದಯೆಯಿಂದ ಚೆನ್ನಾಗಿವೆ. ಹಾಗೆಂದು ಕ್ಯಾತಣ್ಣ ಹೇಳುತ್ತಾನೆ.

ನಿನಗೆ ಗಂಡು ಗೊತ್ತಾಗಿದೆಯೆಂದು ಬರೆದಿದ್ದೀಯ. ಸಂತೋಷವಾಯಿತು ಕಣೇ, ನಿಜವಾಗಿಯೂ. ಗಂಡನ ಮನೆಯಲ್ಲಿ ನಿನ್ನನ್ನು ಹತ್ತಿರ ಕೂರಿಸಿಕೊಂಡು ಉಣ್ಣುವ ಜನ ಸಿಗಲಿ. ತುಂಬಿದ ಮನೆಯಲ್ಲಿ ತಣ್ಣಗೆ ಬಾಳು. ಮೇಷ್ಟ್ರಿಗೆ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ನಾಗಕ್ಕ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಪ್ಪ ಎಳೆಯದಿದ್ದರೆ ನನ್ನ ಕೈಗೆ ಹನುಮಿ ಸಿಕ್ಕಿಬಿಡುತ್ತಿದ್ದಳು ಎಂದು ಹಟ್ಟಿಯೆಲ್ಲ ಆಡಿಕೊಳ್ಳುತ್ತದೆ. ಅಪ್ಪನೂ ಅದನ್ನೇ ನಂಬಿ ಕೊರಗುತ್ತಿದ್ದಾನೆ. ಅವನು ಎಳೆಯುವ ಮೊದಲೇ ನನ್ನ ಕೈ ಅವಳ ಕೈಗೆ ಇನ್ನೇನು ತಾಗಬೇಕು, ಅಷ್ಟು ಹತ್ತಿರವಿತ್ತು. ಅವಳು ನೋಡಿದಳು. ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, “ಬ್ಯಾಡ ಬುಡಕ್ಕ. ಅಲ್ಲಿ ಎಲ್ರೂ ನನ್ನ ಮುಟ್ತಾರೆ” ಎಂದಳು. ಇದನ್ನು ಹೇಳಿದರೆ ಅಪ್ಪ ಒಂದು ತುತ್ತು ಉಂಡಾನು. ಆದರೆ ಅವ್ವನ ಕಿವಿಗೂ ಬೀಳುತ್ತದೆ. ನಾನು ಇನ್ನೂ ಯಾರಿಗೂ ಹೇಳಿಲ್ಲ.