ಲೋಬಾನವೂ ಹೊಗೆಯೇ ಎಂದು ಹೇಳದವರಿಗೆ

ತಾಲ್ಲೂಕಿನ ಮಕ್ಕಳ ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ನೀವು ಕೊಟ್ಟ ಚೀಟಿಯಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ನನ್ನ ಏಳು ವರ್ಷದ ಮಗಳು ಸ್ವಪ್ನಾ ಈಗಿಲ್ಲ.

‘ಆಸ್ತಮಾ ಇರುವ ಮಗುವನ್ನು ಹೊಗೆಯಿಂದ ದೂರವಿಡಿ’ ಎಂದು ಅಚ್ಚು ಹಾಕಿಸಿದ್ದಿರಿ. ನಾವು ಮಹಾ ವಿಧೇಯರು. ಕಟ್ಟಿಗೆ ಒಲೆ ಹಿತ್ತಲಿಗೆ ಹೋಯಿತು, ನಾನು ಬೀಡಿ ಬಿಟ್ಟೆ, ಸೊಳ್ಳೆಬತ್ತಿ ತಿಪ್ಪೆ ಸೇರಿತು. ಎರಡು ಹೊತ್ತೂ ಡಬ್ಬಿಗೆ ಇನ್‌ಹೇಲರ್ ಪಂಪು ಜೋಡಿಸಿ ಔಷಧಿ ಎಳೆಸಿ, ಬಾಯಿ ಮುಕ್ಕಳಿಸುವಂತೆಯೂ ಮಾಡಿದೆವು. ಆಮೇಲೆ, ದೀಪ ಹಚ್ಚುವ ಹೊತ್ತಿಗೆ, ನನ್ನ ತಾಯಿ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ಎದೆ ಹಗುರಾಗಲೆಂದು ಕೆಂಡಕ್ಕೆ ಲೋಬಾನದ ಧೂಪ ಉದುರಿಸಿ, ಅದರ ಮುಂದೆ ಕೌದಿ ಹೊದಿಸಿ ಕೂರಿಸುತ್ತಿದ್ದಳು. ನಾಲ್ಕು ತಿಂಗಳು, ಒಂದು ದಿನವೂ ತಪ್ಪಿಸದೆ. ಕೆಂಡ ತಂದುಕೊಡುತ್ತಿದ್ದವನು ನಾನು. ನಮ್ಮ ಕಡೆ ಲೋಬಾನವನ್ನು ಯಾರಾದರೂ ಹೊಗೆ ಎನ್ನುತ್ತಾರೆಯೇ? ಅದು ಹುಟ್ಟಿದಾಗಿನಿಂದ ಕೂಸಿಗೆ ಮಾಡುವ ಆರೈಕೆ.

ಹೋದ ವರ್ಷ ರಾಯಚೂರಿನ ಆಸ್ಪತ್ರೆಯಲ್ಲಿ ನರ್ಸ್ ಮುನ್ನೀ ಬೀ ಮಗಳ ಕೂದಲು ಮೂಸಿ, “ಲೋಬಾನ ಹಾಕೀರೇನ್ರೀ ಅಣ್ಣಾರ? ಅದೂ ಹೊಗಿನ ಅಲ್ಲೇನ್ರೀ!” ಎಂದರು. ಆಗ ತಡವಾಗಿತ್ತು. ಅವರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಹೇಳಲು ನಿಮ್ಮ ಇಲಾಖೆಗೆ ಬಾಯಿ ಇರಲಿಲ್ಲವೇ? ‘ಪಾಲಕರಿಗೆ ಸಮಗ್ರ ತಿಳಿವಳಿಕೆ ನೀಡಲಾಗಿದೆ’ ಎಂದು ನಿಮ್ಮ ಕಡತದಲ್ಲಿದೆ, ಕೆಳಗೆ ನನ್ನದೇ ಸಹಿ. ಎಂಥ ಅಚ್ಚುಕಟ್ಟು!

ಈಗ ನಾಲ್ಕು ವರ್ಷದ ಮಗ ಬಸವಲಿಂಗನೂ ಕೆಮ್ಮುತ್ತಿದ್ದಾನೆ. ತಾಯಿ ಮತ್ತೆ ಕೆಂಡ ಕೇಳುತ್ತಿದ್ದಾಳೆ.

“ಯಪ್ಪಾ, ಕೆಂಡ ತಾರೋ. ಕೂಸಿನ ಎದಿ ಕಟ್ಟಾಕತ್ತದ. ಅಕ್ಕನಂಗ ಇವನೂ ಹೋಗಬಾರ್ದು.”

“ಮನ್ಯಾಗ ಲೋಬಾನ ಇಲ್ಲ, ಯವ್ವಾ.”

“ಮಾನ್ವಿ ಸಂತ್ಯಾಗ ಸಿಗತದ, ಹೋಗು.”

ಮೂರು ವಾರದಿಂದ ಹೀಗೇ ಸುಳ್ಳು ಹೇಳುತ್ತಿದ್ದೇನೆ. ಇವತ್ತಲ್ಲ ನಾಳೆ ಆಕೆಯೇ ಸಂತೆಗೆ ಹೋಗುತ್ತಾಳೆ. ನಿಜ ಹೇಳಿದರೆ ತಾಯಿ ಉಳಿಯುವುದಿಲ್ಲ, ಹೇಳದಿದ್ದರೆ ಮಗ. ಸಂಜೆಯಾದರೆ ಸಾಕು, ಕೌದಿಯೊಳಗಿನ ಸ್ವಪ್ನಾಳ ಆ ಕೆಮ್ಮು ಕಿವಿಗೆ ಬರುತ್ತದೆ. ನನಗೆ ನನ್ನ ಮನೆಯೇ ಭಯ.

ಆದ್ದರಿಂದ ನನ್ನ ಬೇಡಿಕೆ. ಲೋಬಾನ, ಧೂಪ, ಊದುಬತ್ತಿ ಎಂದು ಹೆಸರು ಹಿಡಿದು ಚೀಟಿಯಲ್ಲಿ ಬರೆಸಿ. ಆಶಾ ಕಾರ್ಯಕರ್ತೆಯರನ್ನು ಮನೆಮನೆಗೆ ಕಳಿಸಿ, ಓದಲು ಬಾರದ ಅಜ್ಜಿಯರ ಮುಂದೆ ಕೂತು ಹೇಳಿಸಿ. ನಮ್ಮ ಮನೆ ಯಾವುದೆಂದು ತಿಳಿಸುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ಎಲ್ಲ ಮನೆಗೂ ಹೋಗಲಿ.

ಇನ್ನೊಂದೇ ಒಂದು ವಿನಂತಿ. ಲೋಬಾನ ಕೂಡದು ಎಂಬುದು ಈ ವರ್ಷ ಹೊಸದಾಗಿ ಗೊತ್ತಾದ ವಿಷಯ, ಹೋದ ವರ್ಷ ಡಾಕ್ಟರಿಗೂ ಗೊತ್ತಿರಲಿಲ್ಲ ಎಂದು ಅವರು ಎಲ್ಲ ಮನೆಯಲ್ಲೂ, ನನ್ನ ತಾಯಿಗೂ, ಸುಳ್ಳು ಹೇಳಲಿ.

ಇಂತಿ,
ತಾಯಿಯ ಮುಖ ನೋಡಲಾಗದ,
ಮಾನ್ವಿ ತಾಲ್ಲೂಕಿನ ಒಬ್ಬ ಮಗ