ಜಡೆಗೊಂದು ದಾರಿ

ಮಾರ್ಚ್ 4, ಬೆಳಿಗ್ಗೆ 7
ಸಿಮೆಂಟ್ ಮೂಟೆ ಇಳಿಸಿ ಕೂತಿದ್ದೇನೆ. ಕ್ರೇನ್ ಇನ್ನೂ ಬಂದಿಲ್ಲ. ದೊಡ್ಡಮ್ಮ ಮಾಡಿದ ಶಿಲ್ಪ ಇವತ್ತು ಪಾರ್ಕಿನಲ್ಲಿ ಕೂರಬೇಕು — ಕಾಲು ಮಡಚಿ ಕೂತ ಕಲ್ಲಿನ ಹೆಂಗಸು, ಹಳೇ ಮರದ ತೋಳು, ಬೆತ್ತ ಹೆಣೆದ ಜಡೆ. ಜಡೆಯೊಳಗೆ ಜೀವಂತ ಬಳ್ಳಿ. ಜಡೆಗೇ ನಾಲ್ಕು ತಿಂಗಳು ಹಿಡಿಯಿತು. ಮುಖ ಬರೀ ಒರಟು ಕಲ್ಲು, ಮೂಗಿನ ಗುರುತಷ್ಟೇ. ದೊಡ್ಡಮ್ಮ ಊರಲ್ಲಿಲ್ಲ. ಜವಾಬ್ದಾರಿ ನನ್ನದು. ಶಾಲೆ ಬಿಟ್ಟ ಮೇಲೆ ನನ್ನನ್ನು ನಂಬಿದವರು ಇವರೊಬ್ಬರೇ. (ಬಿಟ್ಟಿದ್ದು ಬೇಜಾರಿಗೆ. ಬೇರೆ ಕಾರಣ ಇಲ್ಲ.)

ಸಂಜೆ
ಕೂರಿಸಿ ಕಾಂಕ್ರೀಟ್ ಹಾಕಿಯಾಯಿತು. ಒಂದು ಗೀರೂ ಬಿದ್ದಿಲ್ಲ. ಭೇಷ್ ನಾನು.

ಮಾರ್ಚ್ 6
ಭೇಷೂ ಇಲ್ಲ, ಗೀಷೂ ಇಲ್ಲ. ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ. ಮುಖ ಮರದ ಕಡೆ, ಜಡೆ ಬಸ್ ಸ್ಟಾಪಿನ ಕಡೆ ಇರಬೇಕಿತ್ತು. ಈಗ ಉಲ್ಟಾ. ಜಡೆ ನೋಡಲು ಅಳಿಲುಗಳು ಮಾತ್ರ. ತಪ್ಪನ್ನು ಕ್ರೇನಿನವನ ಮೇಲೆ ಹಾಕಿಬಿಡು ಎಂದರು ಮೇಸ್ತ್ರಿ. ಅವನು ಎರಡು ಸಲ ಕೇಳಿದ್ದ, ಇದೇ ಕಡೆನಾ ಎಂದು. ಎರಡು ಸಲವೂ ಹೂಂ ಎಂದವಳು ನಾನು.
ಫೋನ್ ಮಾಡಿ ಹೇಳಿದೆ. ಹತ್ತನೇ ತಾರೀಕು ಬರ್ತೀನಿ ಎಂದು ದೊಡ್ಡಮ್ಮ ಫೋನ್ ಇಟ್ಟರು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು. ಇನ್ನು ನನಗೆ ಯಾವ ಕೆಲಸವನ್ನೂ ಒಪ್ಪಿಸಲಾರರು.

ಮಾರ್ಚ್ 9
ಬಸ್ಸಿಗೆ ಕಾಯುವವರಿಗೆ ಆ ಒರಟು ಮುಖ ಹಿಡಿಸಿಬಿಟ್ಟಿದೆ. ಕಲ್ಲಿನ ಹೆಂಗಸಿನ ಮಡಿಲಲ್ಲಿ ಚೀಲ ಇಡುತ್ತಾರೆ. ಒಬ್ಬ ಅಜ್ಜಿಗೆ ತೀರಿಹೋದ ತಂಗಿಯ ಹಾಗೆ ಕಂಡಿತಂತೆ. ಕಂಡಕ್ಟರಿಗೆ ಅವನ ಅತ್ತೆಯ ಹಾಗೆ, ಅದೂ ಸಿಡುಕಿನಲ್ಲಿ. ಖುಷಿಯಾಯಿತು. ಖುಷಿಪಡಬಹುದೋ ಇಲ್ಲವೋ...

ಮಾರ್ಚ್ 10
ದೊಡ್ಡಮ್ಮ ಬಂದರು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತರು. ಮೂರು ಬಸ್ ಹೋದವು.
"ಕಾಂಕ್ರೀಟ್ ಒಡೆದು ತಿರುಗಿಸೋಣ್ವಾ? ನೀನೇ ಹೇಳು."
ಬೇಡ ಎಂದರೆ ತಪ್ಪು ಮುಚ್ಚಿಕೊಂಡಂತೆ. ಬೇಕು ಎಂದರೆ ಸುಳ್ಳು.
"ಹೀಗೇ ಚೆನ್ನಾಗಿದೆ, ದೊಡ್ಡಮ್ಮ. ಆದ್ರೆ ಚೆನ್ನಾಗಿರ್ಲಿ ಅಂತ ಮಾಡಿದ್ದಲ್ಲ. ಕಣ್ತಪ್ಪು."
"ಗೊತ್ತು ಕಣೇ. ಅಷ್ಟು ಬುದ್ಧಿ ನಿನಗೆಲ್ಲಿಂದ ಬರ್ಬೇಕು?" ನಕ್ಕರು. ನಗು ನಿಂತಿತು. "ಜಡೆ ನೋಡೋರೇ ಇಲ್ಲದ ಹಾಗಾಯ್ತಲ್ಲೇ."
ಮುಖದಿಂದ ಜಡೆಯವರೆಗೆ ಕಲ್ಲಿನ ದಾರಿ ಹಾಸು ಎಂದರು. ನಕ್ಷೆಯನ್ನೂ ನಾನೇ ಬರೆಯಬೇಕಂತೆ.

ಮಾರ್ಚ್ 17, ಬೆಳಿಗ್ಗೆ 9
ದಾರಿ ಮುಗಿಯಿತು. ಹದಿನೆಂಟು ಕಲ್ಲು. ಪಕ್ಕದಲ್ಲೇ ಕೂತಿದ್ದೇನೆ. ದೊಡ್ಡಮ್ಮ ಆ ಕಡೆ ಬಳ್ಳಿಗೆ ನೀರು ಹಾಕುತ್ತಿದ್ದಾರೆ. ಅಜ್ಜಿ ಚೀಲವನ್ನು ಕಲ್ಲಿನ ಮಡಿಲಲ್ಲಿಟ್ಟು ಮೊದಲ ಕಲ್ಲಿನ ಮೇಲೆ ಕಾಲಿಟ್ಟರು. ಬಸ್ ಬಂತು. ಕಂಡಕ್ಟರ್ ಸೀಟಿ ಊದಿದ. ಅಜ್ಜಿ ತಿರುಗಲಿಲ್ಲ. ಹತ್ತನೇ ಕಲ್ಲು... ಈಗ ಕಾಣಿಸುತ್ತಿಲ್ಲ. ದನಿ ಮಾತ್ರ ಬಂತು: "ಅಯ್ಯೋ, ಇದನ್ನ ಹೆಣೆದೋರು ಯಾರಮ್ಮ?" ದೊಡ್ಡಮ್ಮ ತಾವಾಗಿ ಹೇಳಿಕೊಳ್ಳುವವರಲ್ಲ. ನಾನೇ ಹೋಗಿ—