ಬೋರೆಯ ಆಚೆ ಇಳಿದ ವಿಮಾನ

ಬೆಂಗಳೂರು,
೧೨-೨-೧೯೪೭

ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಪಾಪಕ್ಕನಿಗೆ ತಮ್ಮ ಮುನಿಶಾಮಿಯ ನಮಸ್ಕಾರಗಳು.

ನಾನು ಕ್ಷೇಮ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ನನ್ನ ಕಾಗದಗಳನ್ನು ಯಾವಾಗಲೂ ನಿನಗೆ ಆದಿಲಕ್ಷ್ಮಿಯೇ ಓದಿ ಹೇಳುತ್ತಾಳೆ. ಇದು ಮಗಳ ಬಾಯಲ್ಲಿ ಬರುವುದು ಬೇಡವೆಂದು ಸೊಣ್ಣಪ್ಪ ಮೇಷ್ಟರ ವಿಳಾಸಕ್ಕೆ ಹಾಕಿದ್ದೇನೆ.

ಮೊನ್ನೆ ಕೋದಂಡಪ್ಪ ಭಾವ ಬರೆಸಿದ ಕಾಗದ ತಲುಪಿತು. ಊರಿಗಾಂನಿಂದ ಆದಿಲಕ್ಷ್ಮಿಗೆ ಬಂದ ಸಂಬಂಧದವರು, ಮದುವೆಯಾಗಬೇಕಿದ್ದ ಸೋದರಮಾವನೇ ವೀಳ್ಯಶಾಸ್ತ್ರಕ್ಕೆ ಬಾರದೆ ಬಿಟ್ಟ ಹುಡುಗಿ, ಅವಳಲ್ಲೇ ಏನೋ ಐಬು ಇರಬೇಕು ಎಂದು ಹಿಂದೆಗೆಯುತ್ತಿದ್ದಾರಂತೆ. ಅಕ್ಕಾ, ಐಬು ಇರುವುದು ನನ್ನಲ್ಲಿ.

ಹೋದ ವರ್ಷ ವೀಳ್ಯಶಾಸ್ತ್ರದ ದಿನ ರೈಲು ತಪ್ಪಿತು ಎಂದು ಬರೆದಿದ್ದೆನಲ್ಲ, ಅದು ಶುದ್ಧ ಸುಳ್ಳು. ಭಾವ ಗಾಡಿ ಕಟ್ಟಿಕೊಂಡು ಹೋಗಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಂದೊಂದು ರೈಲಿಗೂ ಕಣ್ಣಿಟ್ಟು ನಿಂತಿದ್ದರು. ನಾನು ಆಗಲೇ ಆಕಾಶದ ದಾರಿಯಲ್ಲಿ ಬಂದಿದ್ದೆ. ಅವತ್ತು ಬೆಳಗ್ಗೆ ಊರ ಹಿಂದಿನ ಬೋರೆಗುಡ್ಡದ ಆಚೆ ಮೈದಾನದಲ್ಲಿ ಒಂದು ವಿಮಾನ ಇಳಿಯಿತು, ನೀವೆಲ್ಲ ನೋಡಿರುತ್ತೀರಿ. ಚಿನ್ನದ ಗಣಿಗೆ ಯಂತ್ರದ ಬಿಡಿಭಾಗ ತಂದಿತ್ತು. ಜೊತೆಗೆ ಫಿಟ್ಟರ್ ಒಬ್ಬ ಬೇಕೆಂದು ನಮ್ಮ ವಿಮಾನ ಕಾರ್ಖಾನೆಯಿಂದ ನನ್ನನ್ನು ಕೂರಿಸಿಕೊಂಡಿದ್ದರು. ರೈಲು, ಗಾಡಿ ಸೇರಿ ಅರ್ಧ ದಿನ ಹಿಡಿಯುವ ನಲವತ್ತು ಚಿಲ್ಲರೆ ಮೈಲಿ ಇಪ್ಪತ್ತೈದೇ ನಿಮಿಷದಲ್ಲಿ ಮುಗಿದುಹೋಯಿತು. ಬೆಂಗಳೂರಲ್ಲಿ ಹಾಕಿಕೊಂಡ ಎಲೆಯಡಿಕೆ ಇನ್ನೂ ಬಾಯಲ್ಲೇ ಇತ್ತು. ಮೇಲಿನಿಂದ ನಮ್ಮ ಮನೆಯ ಹಸಿರು ಚಪ್ಪರ ಕಂಡಿತು. ಅಂಗಳದಲ್ಲಿ ಯಾರೋ ನಿಂತು ಮೇಲೆ ನೋಡುತ್ತಿದ್ದರು. ನೀನೇ ಇರಬೇಕು. ತಲೆಯನ್ನು ಒಳಕ್ಕೆ ಎಳೆದುಕೊಂಡೆ.

ಆದಿಲಕ್ಷ್ಮಿ ಹುಟ್ಟಿದಾಗ ನನಗೆ ಹತ್ತು ವರ್ಷ. ನೀನು ನನ್ನ ಕೈಯನ್ನು ತೊಟ್ಟಿಲಿಗೆ ಮುಟ್ಟಿಸಿ, "ಲೇ ಮುನಿಶಾಮಿ, ಇವಳು ನಿನ್ನ ಎಂಡ್ತಿ ಕಣ್ಲಾ, ಇನ್ಯಾರಿಗೂ ಕೊಡಲ್ಲ" ಎಂದಿದ್ದೆ. ಅವಳ ಮೂಗು ಒರೆಸಿದವನು, ಹೆಗಲ ಮೇಲೆ ಕೂರಿಸಿಕೊಂಡು ಕಡಲೆಕಾಯಿ ಹೊಲ ಸುತ್ತಿಸಿದವನು ನಾನು. ನನ್ನ ಕಣ್ಣಿಗೆ ಅವಳು ಮಗಳಾಗಿಯೇ ಉಳಿದಳು. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಹೊಸದೇನಲ್ಲ. ಎಲ್ಲರಿಗೂ ಆಗುವುದು ನನಗೇಕೆ ಆಗಲಿಲ್ಲವೋ. ತಾಯಿಯಿಲ್ಲದ ನನಗೆ ತುತ್ತು ಇಟ್ಟವಳು ನೀನು. ನಿನ್ನ ಎದುರು ನಿಂತು ಇದನ್ನು ಹೇಳುವ ಧೈರ್ಯ ಬರಲಿಲ್ಲ. ಹೇಡಿಯ ಹಾಗೆ ವಿಮಾನದ ನೆರಳಲ್ಲೇ ಕೂತೆ. ಹದಿನೈದು ನಿಮಿಷದಲ್ಲಿ ವಾಪಸು ಹೊರಡಬೇಕಿತ್ತು. ಬಂದು ಹೋಗಲು ಹೊತ್ತೂ ಇರಲಿಲ್ಲ.

ಈ ಕಾಗದವನ್ನು ಊರಿಗಾಂನವರ ಮುಂದೆ ಮೇಷ್ಟರಿಂದ ಓದಿಸು. ನನ್ನ ಮಾನ ಹೋದರೆ ಹೋಗಲಿ, ಆ ಹುಡುಗಿಯ ಮೇಲಿನ ಮಾತು ತೊಲಗಲಿ. ಬೇಕಿದ್ದರೆ ನಾನೇ ಬಂದು ಅವರ ಕಾಲು ಹಿಡಿಯುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ಕೈತುತ್ತು ಉಂಡು ನಿನಗೇ ಎರಡು ಬಗೆದ ತಮ್ಮ,
ಮುನಿಶಾಮಿ

ತಾ.ಕ.: ಹೊತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ವಿಮಾನ ಓಡಿಸಿದ ದೊರೆ ಒಳ್ಳೆಯವನು. ಸಾಮಾನು ಇಳಿಸಿದ ಮೇಲೆ, ನಿನ್ನದು ಈ ಕಡೆಯ ಊರಲ್ಲವೇ, ಸಂಜೆಯವರೆಗೂ ಕಾಯುತ್ತೇನೆ, ಹೋಗಿ ಬಾ ಎಂದ. ಎಷ್ಟು ದೂರ ಎಂದೂ ಕೇಳಿದ. ಬೋರೆಯ ಆ ಬದಿಯಿಂದ ನಿಮ್ಮ ಓಲಗ ಕೇಳಿಸುತ್ತಿತ್ತು. ಬಲು ದೂರ ಸಾಮಿ, ಎಂದುಬಿಟ್ಟೆ.